ಜಾಲ್ಸೂರಿನಲ್ಲಿ ನಿಂತ ಕಾರು

ಈಶ್ವರಮಂಗಲ
೯ ನವೆಂಬರ್ ೨೦೨೫, ಭಾನುವಾರ

ಹನಾನಳ ಉಪ್ಪನಿಗೆ,

ಅಸ್ಸಲಾಮು ಅಲೈಕುಂ. ಕೈಯಲ್ಲಿ ಫೋನು ಇರುವಾಗ ಇವಳಿಗೆ ಕಾಗದ ಯಾಕೆ ಎಂದು ನಿಮಗೆ ಅನಿಸಬಹುದು. ಫೋನಿನಲ್ಲಿ ನಾನು ಎರಡು ಮಾತು ಹೇಳುವಷ್ಟರಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ. ಕಾಗದಕ್ಕೆ ಹಾಗೆ ಮಾಡಲಿಕ್ಕಾಗುವುದಿಲ್ಲ. ನಿಮ್ಮ ರೂಮಿನ ಸಿದ್ದೀಕ್ ರಜೆ ಮುಗಿಸಿ ನಾಳೆ ಜುಬೈಲಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಕೂತು ಓದಿ.

ಗುರುವಾರದ ವಿಷಯ ನಿಮಗೆ ಅರ್ಧ ಮಾತ್ರ ಗೊತ್ತು. ಉಳಿದದ್ದನ್ನು ಹೇಳದೆ ನನಗೆ ಕೂತಲ್ಲಿ ಕೂರಲಿಕ್ಕಾಗುತ್ತಿಲ್ಲ. ಅಡುಗೆ ಮನೆಗೆ ಹೋಗಿ, ಎಂತಕ್ಕೆ ಬಂದೆ ಎಂದು ಮರೆತು ವಾಪಸು ಬರುತ್ತೇನೆ.

ನೀವು ಕೊಡಿಸಿದ ಕಾರಿನ ಮೇಲೆ ನನಗೆ ದ್ವೇಷ ಇಲ್ಲ. ಆದರೆ ಬಂದ ದಿನದಿಂದ ಅದರ ಮೇಲೊಂದು ಅನುಮಾನ. ಪಕ್ಕದ ಸೀಟಿನಲ್ಲಿ ಹಲಸಿನ ಹಣ್ಣು ಇಟ್ಟರೆ ಅದಕ್ಕೂ ಬೆಲ್ಟು ಹಾಕು ಎಂದು ಕೂಗುತ್ತದೆ. ದನ ಅಡ್ಡ ಬಂದರೆ ತಾನೇ ಬ್ರೇಕು ಹಾಕುತ್ತದೆ, ಹಿಂದಿನ ಪಿಕಪ್ಪಿನವನ ಬೈಗಳು ಮಾತ್ರ ನನಗೆ. ಮೊದಲು ಕುಕ್ಕಪ್ಪಣ್ಣನ ಜೀಪಿನಲ್ಲಿ ಒತ್ತಿಕೊಂಡು ಕೂತು ಪುತ್ತೂರಿಗೆ ಹೋಗುವಾಗ ಯಾರಿಗೆ ಜ್ವರ, ಯಾರ ಮಗಳಿಗೆ ಗಂಡು ಬಂತು ಎಂಬುದೆಲ್ಲ ತಿಳಿಯುತ್ತಿತ್ತು. ಈಗ ಗಾಜು ಏರಿಸಿಕೊಂಡು ಹೋಗುತ್ತೇನೆ. ಮೊನ್ನೆ ಜೈನಬಮ್ಮ ದಾರಿ ಬದಿಯಲ್ಲಿ ಕೈ ತೋರಿಸಿದ್ದು ದಾಟಿದ ಮೇಲೆ ಕಂಡಿತು. ನೀವೆಲ್ಲ ದೊಡ್ಡವರಾದಿರಿ ಮಾರಾಯ್ತಿ, ನಿಮಗೆ ನಾವು ಎಲ್ಲಿ ಕಾಣುದು ಎಂದು ಮರುದಿನ ಹೇಳಿದರು. ನಾವು ದೊಡ್ಡವರಾದದ್ದು ಹೌದಾ? ಮನೆ ದೊಡ್ಡದಾಯಿತು, ಗೇಟಿಗೆ ಕ್ಯಾಮೆರಾ ಬಂತು. ಅಂಗಳದಲ್ಲಿ ಉಗುಳಬೇಡಿ ಎಂದು ನೀವು ಗಲ್ಫಿನಲ್ಲಿ ಕೂತು ಅದರಲ್ಲಿ ನೋಡಿ ಫೋನು ಮಾಡಿದ ಮೇಲೆ, ಎಲೆಯಡಿಕೆ ಹಾಕಿದ ನಿಮ್ಮ ಉಮ್ಮ ಕ್ಯಾಮೆರಾ ನೋಡದ ಮೂಲೆ ಹುಡುಕುತ್ತಾರೆ.

ಉಮ್ಮನನ್ನು ನಾನು ಜಾಲ್ಸೂರಿಗೆ, ನಿಮ್ಮ ತಂಗಿಯ ಮನೆಗೆ ಕರೆದುಕೊಂಡು ಹೋದದ್ದು ನಿಜ. ನಿಮಗದು ಇಷ್ಟವಿಲ್ಲವೆಂದೂ ಗೊತ್ತಿತ್ತು. ನೀವು ನೋಡಿದ ಗಲ್ಫಿನ ಹುಡುಗನನ್ನು ಬೇಡವೆಂದು ಬಸ್ಸಿನ ಡ್ರೈವರ್ ಮುಸ್ತಫಾನನ್ನು ಮದುವೆಯಾದಳು ಎಂದು ನೀವು ಅಮೀರಾಳ ಹೆಸರೆತ್ತುವುದನ್ನೇ ಬಿಟ್ಟಿರಿ. ಹೆತ್ತವರಿಗೆ ಹಾಗೆ ಬಿಡಲಿಕ್ಕಾಗುತ್ತದಾ? ಅವಳ ಮಗು ಈಗ ಅಂಬೆಗಾಲಿಡುತ್ತದೆ.

ಅಲ್ಲಿ ಊಟ ಮುಗಿಸಿ ವಾಪಸು ಹೊರಟೆವು. ಉಮ್ಮ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಕಾರು ಸ್ಟಾರ್ಟ್ ಆಗಲಿಲ್ಲ. ಮುಸ್ತಫಾ ಬಂದು ನೋಡಿದ, ಅವನಿಗೂ ತಿಳಿಯಲಿಲ್ಲ. ಗಾಜಿನ ಮೇಲೆ ಅಂಟಿಸಿದ್ದ ಕಂಪೆನಿಯ ನಂಬರಿಗೆ ಫೋನು ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಒಬ್ಬಳು ಹುಡುಗಿ ಬಹಳ ಮರ್ಯಾದೆಯಿಂದ ಹೇಳಿದಳು: ಈ ಗಾಡಿ ಕಳುವಾಗಿದೆ ಎಂದು ಮಾಲೀಕರು ದೂರು ಕೊಟ್ಟಿದ್ದಾರೆ ಮೇಡಂ, ಅದಕ್ಕೆ ಇಲ್ಲಿಂದಲೇ ನಿಲ್ಲಿಸಿದ್ದೇವೆ, ನೀವು ಯಾರು ಮಾತಾಡುವುದು?

ನಾನು ಫೋನು ಕಟ್ ಮಾಡಿದೆ.

ಉಮ್ಮ ಬಾಗಿಲಿನ ಹಿಡಿ ತಡಕಾಡಿ, ಇಳಿದು, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಅಮೀರಾಳ ಕೈಯಿಂದ ಮಗುವನ್ನು ತೆಗೆದುಕೊಂಡು ಕೂತರು. ನನ್ನ ಹತ್ತಿರ ಹೇಳಿದ್ದು ಇಷ್ಟೇ: ಕದ್ದ ಮಾಲು ಇಲ್ಲೇ ಉಂಟು, ಬೇಕಾದರೆ ಬಂದು ತೆಕ್ಕೊಂಡು ಹೋಗ್ಲಿಕ್ಕೆ ಹೇಳು ಅವನಿಗೆ.

ಸ್ವಲ್ಪ ಹೊತ್ತಿಗೆ ನಿಮ್ಮ ಮೆಸೇಜು ಬಂತು. ಈಗ ಸ್ಟಾರ್ಟ್ ಆಗ್ತದೆ, ಇನ್ನು ಹೀಗೆ ಮಾಡ್ಬೇಡ ಎಂದು. ಜೊತೆಗೊಂದು ನಗುವ ಮುಖ. ಕಾರು ಸ್ಟಾರ್ಟ್ ಆಯಿತು, ನಾನು ಹತ್ತಲಿಲ್ಲ. ಕೀಯನ್ನು ಮುಸ್ತಫಾನಿಗೆ ಕೊಡಹೋದರೆ ಅವನು ಕೈ ಹಿಂದೆ ಎಳೆದುಕೊಂಡ. ನಾಳೆ ಪೊಲೀಸರು ಬಂದರೆ ಮೊದಲು ಹಿಡಿಯುದು ನನ್ನನ್ನು ಎಂದ. ಅಮೀರಾಳ ಕಪಾಟಿನ ಮೇಲೆ ಇಟ್ಟು ಬಸ್ಸು ಹಿಡಿದು ಬಂದೆ, ಮಗಳು ಹನಾನ್ ಶಾಲೆಯಿಂದ ಬರುವ ಹೊತ್ತಾಗಿತ್ತು.

ಕಾರು ಇನ್ನೂ ಜಾಲ್ಸೂರಿನಲ್ಲೇ ಯಾಕೆ ಎಂದು ನೀವು ದಿನಾ ಕೇಳುತ್ತೀರಿ. ಬ್ಯಾಟರಿ ಸರಿಯಿಲ್ಲ ಎಂದೆ. ಉಮ್ಮನಿಗೆ ಫೋನು ಕೊಡು ಎಂದಾಗ ಮಲಗಿದ್ದಾರೆ ಎಂದೆ. ಎರಡೂ ಸುಳ್ಳು. ಉಮ್ಮ ಅಲ್ಲೇ ಉಳಿದಿದ್ದಾರೆ.

ಕೋಪವಿಲ್ಲವೆಂದು ಬರೆದರೆ ಅದೂ ಸುಳ್ಳಾಗುತ್ತದೆ. ನೀವು ಆ ಬಿಸಿಲಿನಲ್ಲಿ ದುಡಿದು ಕೊಂಡ ಕಾರು ಎಂಬುದನ್ನು ನಾನು ಮರೆತಿಲ್ಲ. ಅಷ್ಟು ದೂರದಲ್ಲಿ ಇರುವವರಿಗೆ ಕಾರು ಎಲ್ಲಿದೆ ಎಂದು ತೋರಿಸುತ್ತಾ ಫೋನಿನಲ್ಲಿ ಓಡಾಡುವ ಆ ಚುಕ್ಕೆಯೇ ಮನೆಯವರು ಎಂದು ಕಾಣುತ್ತದೋ ಏನೋ. ಚುಕ್ಕೆ ಎಲ್ಲಿ ನಿಂತಿತೆಂದು ನಿಮಗೆ ಗೊತ್ತಾಯಿತು. ಅಲ್ಲಿ ಮಗು ಕನ್ನಡಕ ಎಳೆದಾಗ ಉಮ್ಮ ನಕ್ಕದ್ದು ಗೊತ್ತಾಗಲಿಲ್ಲ.

ಕಂಪೆನಿಗೆ ಮಾಡಿದ ಹಾಗೆ ಅಮೀರಾಳ ಮನೆಗೂ ಒಂದು ಫೋನು ಮಾಡಿ. ತಂಗಿಯ ಹತ್ತಿರ ಮಾತಾಡಿ, ಆಮೇಲೆ ಉಮ್ಮನನ್ನು ಕರೆಯಿರಿ. ನೀವು ಕರೆಯದೆ ಅವರು ಬರುವುದಿಲ್ಲ. ಬನ್ನಿ ಎಂದು ನಾನೂ ಹೇಳುವುದಿಲ್ಲ.

ಊಟ ಸರಿಯಾಗಿ ಮಾಡಿ.

ನಿಮ್ಮ
ಫಾತಿಮತ್ ಝುಹ್ರಾ

ಮತ್ತೆ: ಇದನ್ನು ಬರೆಯಬೇಡ ಎಂದು ಉಮ್ಮ ಹೇಳಿದ್ದರು. ಅವರು ಆ ಮನೆಗೆ ಹೋದದ್ದು ಇದು ಮೊದಲ ಸಲ ಅಲ್ಲ. ಸುಳ್ಯದ ಡಾಕ್ಟರಲ್ಲಿಗೆ ಎಂದು ಹೊರಟದ್ದೆಲ್ಲ ಜಾಲ್ಸೂರಿಗೇ. ಕಾವು ಪೇಟೆಯಲ್ಲಿ ಮುಸ್ತಫಾನ ಬಸ್ಸಿಗೇ ಕಾದು, ಅವನ ಹಿಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದರು. ಮಂಡಿ ನೋವಿನಿಂದ ಬಸ್ಸು ಹತ್ತಲಿಕ್ಕಾಗದೆ ಹೋದ ಮೇಲೆಯೇ ನನ್ನನ್ನು ಡ್ರೈವಿಂಗ್ ಕಲಿಯಲು ಕಳಿಸಿದ್ದು, ಮನೆಗೊಂದು ಕಾರು ಬೇಕೇ ಬೇಕು ಎಂದು ನಿಮ್ಮ ಹತ್ತಿರ ಹಟ ಹಿಡಿದದ್ದು.