ಹೋದದ್ದಕ್ಕೆ ಪರಿಹಾರ

ಜುಲೈ 7, ಸೋಮವಾರ

ಇವತ್ತೂ ಒಂದೇ ಕಾರ್ ಸೀಟಿನ ಕವರು. ಅದೂ ಬಿಚ್ಚಿ ಮತ್ತೆ ಹೊಲಿದದ್ದು. ಕಾರು ತಯಾರಿಸುವ ಲೈನ್ ನಿಂತು ಹದಿನೆಂಟು ದಿನ. ಆದರೂ ಬೆಳವಣಕಿಯಿಂದ ಏಳೂವರೆ ಬಸ್ಸು ಹಿಡಿದು ನರಗುಂದದ ಕಂಪನಿಗೆ ಹೋಗುತ್ತೇನೆ, ಕಾರ್ಡ್ ತೋರಿಸುತ್ತೇನೆ, ಮಷಿನ್ ಮುಂದೆ ಕೂರುತ್ತೇನೆ. ನಮ್ಮ ಸಣ್ಣ ಕಾರು ಯಾರಿಗೂ ಬೇಡವಂತೆ. ಹೊರಗಿನ ಕಂಪನಿಯ ಕಾರು ಅಗ್ಗ, ನೋಡಲೂ ಚೆಂದ. ಸೀಟಿನ ಹೊಲಿಗೆ ಮಾತ್ರ ನಮ್ಮದೇ ಗಟ್ಟಿ ಅನ್ನುತ್ತಾರೆ ಸೂಪರ್‌ವೈಸರ್ ಅಲ್ತಮಶ ಸರ್.

ಕಂಪನಿ ಸರ್ಕಾರಕ್ಕೆ ಅರ್ಜಿ ಹಾಕಿದೆ. ಕೈ ಹಿಡಿಯಿರಿ, ಇಲ್ಲದಿದ್ದರೆ ಬಾಗಿಲು ಹಾಕುತ್ತೇವೆ ಅಂತ.

ಬಾಗಿಲು ಹಾಕಿದರೆ ನಾನು ಗೋವಾಕ್ಕೆ. ಅಣ್ಣ ಗೌತಮ ಅಲ್ಲಿ ಗೌಂಡಿ ಕೆಲಸದಲ್ಲಿದ್ದಾನೆ. ನಾನೂ ನಾಲ್ಕು ವರ್ಷ ಅಲ್ಲಿ ಉಸುಕಿನ ಬುಟ್ಟಿ ಹೊತ್ತವಳೇ. ಐದನೇ ಇಯತ್ತೆ ಕಲಿತವಳಿಗೆ ಕೂತು ಮಾಡುವ ಕೆಲಸ ಇನ್ನೆಲ್ಲಿ...

ಜುಲೈ 13, ರವಿವಾರ

ಗ್ಯಾನಪ್ಪ ಕಾಕಾ ಊಟಕ್ಕೆ ಬಂದಿದ್ದರು. ಅಪ್ಪ ಹೋದ ಮೇಲೆ ಮನೆಗೆ ಹಿರಿಯರು ಅವರೇ. ಅವ್ವ ಕೇಳಿದಳು, "ಗ್ಯಾನಪ್ಪಾ, ಸರಕಾರ ಉಮಾನ ಕಂಪನಿಗೆ ಏನರ ಕೊಡತೈತೇನೋ?"

"ಯಾಕ ಕೊಡಬೇಕು ವೈನಿ? ಮಳಿ ಹೊಡದು ನನ್ನ ಹೆಸರುಕಾಳಿನ ಬೆಳಿ ಹೋದ್ರ ಅದು ನನ್ನ ತಪ್ಪಲ್ಲ, ಸರಕಾರ ಕೊಡತೈತಿ. ಕೊಳ್ಳವ್ರ ಇಲ್ಲದ ಕಾರು ಮಾಡ್ಕೋಂತ ಕುಂತವ್ರಿಗೆ ಯಾಕ?"

"ನಮ್ಮ ಹುಡುಗಿ ಐತಲ್ಲೋ ಅದರಾಗ."

"ಹುಡುಗಿಗೆ ಕೊಡ್ಲಿ. ಕಾರಿಗ್ಯಾಕ?"

ರೊಟ್ಟಿ ಮುರಿಯುತ್ತಿದ್ದೆ. ಅಂಥ ಹುಡುಗಿಯರು ಇನ್ನೂರು ಜನ ಇದ್ದೇವೆ ಅನ್ನಬೇಕಿತ್ತು. ಕಾರಿಗೆ ಕೊಡದೆ ನನಗೆ ಹೇಗೆ ಕೊಡುತ್ತಾರೆ ಅಂತ ಕೇಳಬೇಕಿತ್ತು. ಆದರೆ ಕಾಕಾ ಹೇಳಿದ್ದೂ ಸುಳ್ಳಲ್ಲ. ನಮ್ಮೂರಲ್ಲೇ ಒಬ್ಬರೂ ಆ ಕಾರು ಕೊಂಡಿಲ್ಲ. ಮಾತು ಗಂಟಲಿಗೆ ಬರುವಷ್ಟರಲ್ಲಿ ಅವರು ಕೈ ತೊಳೆದಿದ್ದರು. ಯಾವಾಗಲೂ ಹೀಗೇ.

ಜುಲೈ 22, ಮಂಗಳವಾರ

ಗೇಟಿನ ಗೋಡೆಗೆ ಅಲ್ತಮಶ ಸರ್ ಕೈಬರಹದ ಚೀಟಿ ಅಂಟಿಸಿದ್ದಾರೆ. 'ಗುರುವಾರ ಪರಿಹಾರದ ಪರಿಶೀಲನೆಗೆ ಸರ್ಕಾರದ ಸಮಿತಿ ಬರುತ್ತದೆ. ಎಲ್ಲರೂ ಹಾಜರಿರಬೇಕು.' ಅಂಟಿಸಿದವರೇ ಕಾಗದಪತ್ರ ತರಲು ಹುಬ್ಬಳ್ಳಿಗೆ ಹೋದರು.

ಚಿಕ್ಕನರಗುಂದದ ಅನ್ನಪೂರ್ಣಕ್ಕ ಓದಿ ಎಲ್ಲರನ್ನೂ ಕರೆದಳು. ಹೊಲಿಗೆಯವರಲ್ಲಿ ಅವಳ ಮಾತೇ ಮಾತು.

"ಪರಿಹಾರ ಅಂದ್ರ ಗೊತ್ತಿಲ್ಲೇನ್ರೇ? ಹೋದ ವರ್ಷ ಬೆಳಿ ಹೋದಾಗ ಏನ ಮಾಡಿದ್ವಿ? ಸಾಹೇಬ್ರು ನೋಡಿ ಹೋಗೂಮಟ ಹೊಲಕ್ಕ ಕೈ ಹಚ್ಚಲಿಲ್ಲ. ನಮ್ಮ ಬಾಜೂ ಮನಿ ನಾಗರತ್ನಾ, ಶಾಣ್ಯಾಕಿ, ಉಳದ ಹೆಸರಿನ ಕಾಯಿ ಬಿಡಿಸಿ ಅಂಗಳದಾಗ ಹರವಿದ್ಲು. ನಿಮಗ ಬೆಳಿ ಬಂದೇತಲ್ಲವಾ ಅಂದು ಸಾಹೇಬ್ರು ಪಟ್ಟಿಯಾಗ ಗೆರಿ ಎಳದ್ರು. ಹೊಲದಾಗಿನ ಹೆಸರೂ ಹೋತು, ಪಟ್ಟಿಯಾಗಿನ ಹೆಸರೂ ಹೋತು!"

ಎಲ್ಲರೂ ನಕ್ಕೆವು. ಮಷಿನ್ ಒರೆಸುವುದು ಬಿಟ್ಟೆವು. ಸೂಜಿ, ದಾರ ತೆಗೆದೆವು. ಹೊಲಿದಿಟ್ಟ ನಲವತ್ತು ಸೀಟ್ ಕವರು ಗೋದಾಮಿನ ಹಿಂದೆ, ಗೋಣಿಚೀಲದ ಕೆಳಗೆ. ನಾನೇ ಮುಚ್ಚಿದೆ.

ಜುಲೈ 24, ಗುರುವಾರ, ಸಂಜೆ

ಮಾತಾಡಿದೆ. ನಾನು!

ಸಮಿತಿಯವರು ನಾಲ್ಕು ಜನ. ಸರ್ ಹುಬ್ಬಳ್ಳಿಯಿಂದ ಅವರ ಜೊತೆಯೇ ಬಂದು ಇಳಿದರು. ಮಷಿನ್ ಮೇಲಿನ ಧೂಳು ನೋಡಿ ಸರ್ ಬಾಗಿಲಲ್ಲೇ ನಿಂತುಬಿಟ್ಟರು. ಕನ್ನಡಕದ ಮೇಡಮ್ ಒಬ್ಬರು ಸೀದಾ ನನ್ನ ಹತ್ತಿರ ಬಂದರು. ಆರ್ಡರ್ ಬಂದರೆ ಎಷ್ಟು ದಿನದಲ್ಲಿ ಕೆಲಸ ಶುರು ಮಾಡುತ್ತೀರಿ ಅಂತ ಕೇಳಿದರು. ಖರೇ ಅಂದರೆ ಅರ್ಧ ತಾಸು ಸಾಕಿತ್ತು. ಅನ್ನಪೂರ್ಣಕ್ಕ ಹಿಂದಿನಿಂದ ಚಿವುಟಿದಳು.

"ಎಲ್ಲಾ ಹೋಗೇತ್ರಿ ಮೇಡಮ್ಮಾರ. ಏನೂ ಉಳದಿಲ್ರಿ."

"ಮಷಿನ್?"

"ಅವೂ ಹೋಗ್ಯಾವ್ರಿ."

ಬರೆದುಕೊಂಡರು. ನಾನು ಆಡಿದ್ದನ್ನು ಯಾರಾದರೂ ಬರೆದುಕೊಂಡದ್ದು ಇದೇ ಮೊದಲು. ಬಸ್ಸಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು.

ಜುಲೈ 25, ಶುಕ್ರವಾರ

ಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಏನ ಮಾಡಿಟ್ರವಾ... ಸತ್ತದ್ದಕ್ಕ ಕೊಡೂದು ಪರಿಹಾರ. ಇದು ಹಂಗಲ್ಲ. ಇನ್ನೂ ಬದುಕತೈತಿ ಅಂತ ಕಂಡ್ರಷ್ಟ ಕೊಡ್ತಾರ. ಅವರ ಕಾಗದದಾಗ ಪುನಶ್ಚೇತನ ಅಂತಿತ್ತು. ನಿಮಗ ತಿಳೀಲಿಕ್ಕಿಲ್ಲಂತ ನಾನ ಪರಿಹಾರ ಅಂತ ಬರದೆ."

ಅನ್ನಪೂರ್ಣಕ್ಕ ಮಾತ್ರ ಬಿಡಲಿಲ್ಲ. "ಚಲೋ ಇದ್ದವ್ರಿಗೆ ಕೊಡ್ತಾರೇನ್ರಿ ಸರ? ಚಲೋ ಇದ್ದವ್ರಿಗೆ ಯಾಕ ಬೇಕ್ರಿ?"

ಸರ್ ಗೇಟಿಗೆ ಹೋಗಿ ಚೀಟಿ ಕಿತ್ತರು.

ಕವರು ಹೊರಗೆ ತೆಗೆದೆವು. ಮಷಿನ್ ಒರೆಸಿ ಸೂಜಿ, ದಾರ ಹಾಕಿದೆವು. ಸರ್ ಫೋಟೋ ತೆಗೆದು ಮೇಡಮ್‌ಗೆ ಕಳಿಸಿದರು. ನೋಡಿದ್ದಾರೆ, ಎರಡು ನೀಲಿ ಟಿಕ್ ಬಂದಿವೆ. ಉತ್ತರ ಇಲ್ಲ.

ಆಗಸ್ಟ್ 19, ಮಂಗಳವಾರ

ಆದೇಶ ಬಂತು. ಇಲ್ಲ ಅಂತ.

ಸರ್ ಓದಿ ಹೇಳಿದರು. ಕಾರಿಗೆ ಬೇಡಿಕೆ ಇಲ್ಲ. ಯಂತ್ರಗಳು ನಿರುಪಯುಕ್ತ, ಇದನ್ನು ಕಾರ್ಮಿಕರೇ ಒಪ್ಪಿದ್ದಾರೆ. ಆ ಸಾಲನ್ನು ಇನ್ನೊಮ್ಮೆ ಓದಿಸಿದೆ. ಕಾರ್ಮಿಕರು ಅಂತ ಇದೆ. ಅಲ್ಲಿ ಬಾಯಿ ಬಿಟ್ಟವಳು ನಾನೊಬ್ಬಳೇ.

"ನಿನ್ನ ಮಾತಿನಿಂದ ಹೋಗಿಲ್ಲ ಬಿಡವಾ," ಅಂದರು. "ಕಾರು ಮಾರೂದ ನಿಂತಿತ್ತು. ಈ ಸಲ ಕೊಟ್ಟಿದ್ರ ಮುಂದಿನ ವರ್ಷ ಮತ್ತ ಕೈ ಚಾಚತಿದ್ವಿ."

ಇರಬಹುದು. ಆದರೆ ಒಂದು ವರ್ಷ ಅಂದರೆ ಒಂದು ವರ್ಷ ಅಲ್ಲವೇ.

ಕಾಕಾಗೆ ಅವ್ವ ಹೇಳಿದಳು. 'ನಾನು ಅಂದಿದ್ದಿಲ್ಲೇನು' ಅಂತ ಕಾಕಾ ಅನ್ನುತ್ತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ. "ಹುಡುಗಿಗೂ ಏನೂ ಇಲ್ಲೇನು?" ಅಂತ ಕೇಳಿದರು.

ಸೆಪ್ಟೆಂಬರ್ 6, ಶನಿವಾರ

ನಾಳೆ ಗೋವಾ ಬಸ್ಸು. ಅಣ್ಣ ಫೋನ್ ಮಾಡಿದ್ದ, ನಾಲ್ಕನೇ ಮಾಳಿಗೆಯ ಕೆಲಸವಂತೆ.

ಕಂಪನಿ ಬಾಗಿಲು ಹಾಕಿದೆ, ಬಾಕಿ ಲೆಕ್ಕದ ಕೊನೆಯ ಸಹಿಗೆ ಹೋಗಿದ್ದೆ. ಹಳೇ ಮಷಿನ್ ಕೊಳ್ಳುವ ಅಂದಾನಪ್ಪ ಅನ್ನುವವರು ಗದಗಿನಿಂದ ಲಾರಿ ತಂದಿದ್ದರು. ಯಾರಾದರೂ ಒಂದು ಓಡಿಸಿ ತೋರಿಸಿರಿ ಅಂದರು. ಹೊಲಿಗೆಯವರಲ್ಲಿ ಅಲ್ಲಿದ್ದವಳು ನಾನೊಬ್ಬಳೇ. ಕೂತೆ. ಚಿಂದಿ ಇಟ್ಟು ಹೊಲಿದೆ. ಒಂದು ಹೊಲಿಗೆಯೂ ತಪ್ಪಲಿಲ್ಲ.

"ಹೊಸಾದರಗತೆ ಓಡತೈತಲ್ಲವಾ! ಎಲ್ಲಾ ಹಿಂಗ ಅದಾವೇನು?"

"ಎಲ್ಲಾ ಚಲೋ ಅದಾವ್ರಿ." ದನಿ ಗಟ್ಟಿಯಾಗಿಯೇ ಬಂತು.

ಅವರು ಜೋರಾಗಿ ನಕ್ಕರು. "ಹಂಗಾರ ಇವು ಕೆಟ್ಟಾವಂತ ಹೇಳಿದ ಪುಣ್ಯಾತ್ಮ ಯಾರವಾ? ನನಗ ಗುಜರಿ ರೇಟಿಗೆ ಸಿಕ್ಕಾವ. ಅವರಿಗೊಂದು ಹಾರ ಹಾಕಬೇಕು."

ಸರ್ ನನ್ನ ಕಡೆ ನೋಡಲಿಲ್ಲ. ಬೇಕೆಂದೇ ಲಾರಿಯ ಕಡೆ ನೋಡುತ್ತಿದ್ದರು. ನಾನು ಎದ್ದು ನಿಂತೆ. ಅದು ನಾನ್ರೀ ಅಂತ ಹೇಳಿಬಿಡೋಣ ಅನ್ನುವಷ್ಟರಲ್ಲಿ ಅಂದಾನಪ್ಪ ಆ ಮಷಿನ್ ಎತ್ತಿಸಿಕೊಂಡು ಲಾರಿಯ ಕಡೆ ನಡೆದಿದ್ದರು.