ಎಡಗಾಲಿನ ಬೂಟು

ರೀ, ಇವತ್ತು ನಿಮ್ಮಣ್ಣನನ್ನು ಸೋಲಿಸಿಬಿಟ್ಟೆ!

ಬೆಳಿಗ್ಗೆ ಊರಿಗೆಲ್ಲ ಹೊಗೆ ಕವಿದಿತ್ತು, ನೀವು ವಾಕಿಂಗ್ ಹೋಗಿ ಮರಳಿ ಬಾರದ ದಿನದ ಹಾಗೆಯೇ. ದುರ್ಬಲ ಹೃದಯಕ್ಕೆ ಇಂಥ ಗಾಳಿ ಒಂದು ದಿನ ತಾಕಿದರೂ ಅಪಾಯ ಎಂದು ಡಾಕ್ಟರು ಎಚ್ಚರಿಸಿದ್ದರೂ, ಸ್ಟೆಂಟ್ ಹಾಕಿಸಿಕೊಂಡ ಭಾವ ಹೊರಟೇ ನಿಂತರು. ನೋಡಿದರೆ ಎಡಗಾಲಿನ ಬೂಟೇ ಇಲ್ಲ!

"ನಾಯಿ ಎಳ್ಕೊಂಡು ಹೋಯ್ತೇನೋ ಭಾವ."

"ನಮ್ಮನೇಲಿ ನಾಯಿ ಎಲ್ಲಿದೆಯಮ್ಮಾ?"

ಮಂಚದಡಿ, ಅಟ್ಟ, ಅಡುಗೆಮನೆ ಎಲ್ಲ ಜಾಲಾಡಿ, ಗೊಣಗುತ್ತಾ ಪೇಪರ್ ಹಿಡಿದು ಕೂತರು. ಸಂಜೆ ಗಾಳಿ ಬೀಸಿ ಆಕಾಶ ತಿಳಿಯಾದಾಗ ಬೂಟನ್ನು ಬಾಗಿಲಲ್ಲಿಟ್ಟೆ.

"ಎಲ್ಲಿತ್ತಮ್ಮಾ ಇದು?"

ನಕ್ಕೆನೇ ಹೊರತು ಹೇಳಲಿಲ್ಲ. ನಿಮ್ಮ ಬೂಟಿನ ಪೆಟ್ಟಿಗೆಯಲ್ಲಿತ್ತು. ಮನೆಯೆಲ್ಲ ತಡಕಿದರೂ ಅದನ್ನು ಮಾತ್ರ ಅವರು ಮುಟ್ಟಲಾರರೆಂದು ಗೊತ್ತಿತ್ತು.

ನಾನೂ ಮುಟ್ಟಿದ್ದು ಇವತ್ತೇ.