ಗೊಂಜಾಳಕೊಪ್ಪದ ಪೆನ್ಸಿಲ್ ಗೆರೆ

ಇಸವಿ ೨೧೭೪, ಹದಿಮೂರನೆಯ ತಿಂಗಳು, ಮೂರನೆಯ ದಿನ

ಚಂಪಾ ಹಡಪದ ಅವರಿಗೆ,

ಅಕ್ಕ ಎನ್ನಲೇ, ಮುತ್ತಜ್ಜಿ ಎನ್ನಲೇ ತಿಳಿಯುತ್ತಿಲ್ಲ. ನಮ್ಮಿಬ್ಬರ ನಡುವೆ ಸುಮಾರು ನೂರೈವತ್ತು ವರ್ಷ; ಆದರೂ ನಾನು ನೋಡಿದ ವಿಡಿಯೋದಲ್ಲಿ ನಿಮಗೂ ನನ್ನಷ್ಟೇ ವಯಸ್ಸು. ಮೇಲಿನ ತಾರೀಖು ತಪ್ಪಲ್ಲ. ಮೇ ಮತ್ತು ಜೂನ್ ನಡುವೆ ನಾವು ಉರಿಮಾಸವೆಂಬ ತಿಂಗಳನ್ನು ಸೇರಿಸಿಕೊಂಡಿದ್ದೇವೆ; ನಡುವೆ ಬಂದರೂ ಅದನ್ನು ಹದಿಮೂರನೆಯದೆಂದೇ ಎಣಿಸುತ್ತೇವೆ. ಆಗ ಹಗಲು ಯಾರೂ ಹೊರಗೆ ಬರುವುದಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ.

ನಾನು ಕನ್ನಡ ಸಾಹಿತ್ಯ ಓದಿದವಳು, ಹೆಸರು ಇಂಚರಾ. ಕೆಲಸ ತಂಪುಮನೆಯಲ್ಲಿ. ಅದು ನೆಲದಡಿಯ ಕಚೇರಿ. ಮಣ್ಣಿನ ಗೋಡೆಗಳೊಳಗೆ ನೀರು ಹರಿಯುವ ಸದ್ದು ಸದಾ ಕೇಳುತ್ತಿರುತ್ತದೆ. ಮಧ್ಯಾಹ್ನ ಎಲ್ಲರೂ ಒಂದೇ ಹಂಡೆಯ ಅಂಬಲಿ ಹಂಚಿಕೊಂಡು ಹರಟುತ್ತಾರೆ. ನಾನು ಮೂಲೆ ಹಿಡಿದು ಕೇಳುತ್ತೇನೆ. ನನಗೆ ಮಾತು ಬೇಗ ಬರುವುದಿಲ್ಲ. ನಿಮ್ಮ ತಾಲ್ಲೂಕು ಕಚೇರಿಯ ಹಳೆಯ ಕಡತಗಳ ಚಿತ್ರಗಳನ್ನು ಊರುವಾರು ಜೋಡಿಸುವುದು ನನ್ನ ಪಾಲಿನ ಕೆಲಸ. ಪ್ರತಿ ಚಿತ್ರದ ಕೆಳಗೂ ಸ್ಕ್ಯಾನ್ ಮಾಡಿದವರೆಂದು ನಿಮ್ಮ ಹೆಸರಿದೆ. ಮೂಲ ಕಾಗದಗಳು ನಮ್ಮವರೆಗೆ ಉಳಿಯಲಿಲ್ಲ. ಗೆದ್ದಲು ತಿಂದವೆನ್ನುತ್ತಾರೆ.

ಗೊಂಜಾಳಕೊಪ್ಪದ ಮೇಲೆ ಈಗ ಹೊಸ ಕಾಲುವೆ ಬರಲಿದೆ. ಹಳ್ಳದ ದಂಡೆಯಲ್ಲಿ ತಮ್ಮ ಹಿರಿಯರನ್ನು ಹೂಳಿದ ಜಾಗವಿದೆ, ಅಲ್ಲಿ ಅಗೆಯಬೇಡಿ ಎಂಬುದು ಊರವರ ಮೊರೆ. ನಕ್ಷೆಯಲ್ಲಿ ಅಂಥ ಜಾಗವೇ ಇಲ್ಲ ಎಂದಿತು ನೀರು ಮಂಡಳಿ. ಬೇಕಾದರೆ ಅಗೆದು ನೋಡೋಣ ಎಂದೂ ಹೇಳಿತು. ಊರಿನ ಹಿರಿಯಳಾದ ದ್ಯಾಮವ್ವಜ್ಜಿ ವಿಚಾರಣೆಯಲ್ಲಿ ಎದ್ದು ನಿಂತು ಕೇಳಿದಳು:

“ಸಾಕ್ಷಿ ಹೇಳಾಕ ಸತ್ತವರನ್ನ ಎಬ್ಬಸ್ತೀರೇನ್ರೀ?”

ನಾಳೆ ಕೊನೆಯ ವಿಚಾರಣೆ.

ನಿಮ್ಮ ಕಚೇರಿಯ ಹಳೆಯ ಗುಮಾಸ್ತರಿಗೆ ಒಂದು ರೂಢಿಯಿತ್ತು. ಊರವರು ಹೇಳಿದ್ದನ್ನು ಮೊದಲು ಪೆನ್ಸಿಲ್ಲಿನಲ್ಲಿ ಬರೆಯುವುದು, ಸಾಹೇಬರು ಒಪ್ಪಿದ ಮೇಲೆ ಅದರ ಮೇಲೆ ಮಸಿ ಎಳೆಯುವುದು. ನೀವು ಸ್ಕ್ಯಾನ್ ಮಾಡಿದ ಮೊದಲ ಕಟ್ಟಿನಲ್ಲಿ ಆ ಪೆನ್ಸಿಲ್ ಗೆರೆಗಳು ಹಾಗೇ ಇವೆ. ಎರಡನೆಯ ಕಟ್ಟಿನಿಂದ ಹಾಳೆಗಳೆಲ್ಲ ಹಾಲಿನಂತೆ ಬಿಳಿ. ಗೊಂಜಾಳಕೊಪ್ಪ ಇರುವುದು ಎರಡನೆಯದರಲ್ಲಿ. ಸಾಹೇಬರು ಒಪ್ಪಿದ್ದು ಉಳಿದಿದೆ, ಜನ ಹೇಳಿದ್ದು ಹೋಗಿದೆ.

ಏಕೆ ಹೀಗಾಯಿತೆಂದು ಹುಡುಕುವಾಗ, ಹೊಸಬರಿಗೆ ಕೆಲಸ ಕಲಿಸಲೆಂದು ನಿಮ್ಮ ಮೇಜಿನ ಬಳಿ ತೆಗೆದಿದ್ದ ವಿಡಿಯೋ ಸಿಕ್ಕಿತು. ಹಿಂದೆ ಸೋರುವ ಸೂರು, ಕಡತ ಕಟ್ಟಿದ ಕೆಂಪು ಬಟ್ಟೆಯ ಗಂಟುಗಳು. ಮೇಲ್ವಿಚಾರಕರು ಬಗ್ಗಿ ನೋಡುತ್ತಾರೆ.

“ತಂಗಿ, ಹಾಳಿ ಹೊಲಸ ಕಾಣತೈತಿ. ಆ ಗುಂಡಿ ಒತ್ತಿ ಬೆಳ್ಳಗ ಮಾಡು. ಸಾಹೇಬ್ರ ಮನಿ ಲಗ್ನಪತ್ರಿಕಿ ಹಂಗ ಕಾಣಬೇಕು.”

“ಸರ್, ಇಲ್ಲಿ ಪೆನ್ಸಿಲ್‌ನ್ಯಾಗ ಬರದೈತ್ರಿ. ಗೊಂಜಾಳಕೊಪ್ಪ, ಹಳ್ಳದ ದಂಡಿ, ಹುಣಸಿಗಿಡದ ಮೂಡಲಕ ಊರವರು ಹೂಳೋ ಜಾಗ ಅಂತ. ಒತ್ತಿದ್ರ ಅಳಿಸಿ ಹೊಕ್ಕೈತ್ರಿ.”

“ಸಹಿ ಐತೇನ್ ಅದಕ? ಇಲ್ಲಲಾ? ಬಿಡು ಮತ್ತ. ಹಿಂಗ ಒಂದೊಂದ ಓದಕೋತ ಕುಂತ್ರ ನಿನ್ನ ಮೊಮ್ಮಗಳು ಬಂದು ಮುಗಸಬೇಕಾಕ್ಕೈತಿ!”

ಯಾರೋ ನಗುತ್ತಾರೆ. ನೀವು ತಲೆ ತಗ್ಗಿಸಿ ಗುಂಡಿ ಒತ್ತುತ್ತೀರಿ. ಆ ಮೇಲ್ವಿಚಾರಕರ ಮೇಲೂ ನನಗೆ ಸಿಟ್ಟಿಲ್ಲ. ಮಳೆಗೆ ಮುಂಚೆ ಅಷ್ಟೂ ಗಂಟುಗಳನ್ನು ಮುಗಿಸುವ ಹೊಣೆ ಅವರದಾಗಿತ್ತು. ನೀವು ಸೋತೆನೆಂದುಕೊಂಡು ಮನೆಗೆ ಹೋಗಿರಬಹುದು. ಆದರೆ ಗೆರೆ ಅಳಿಯುವ ಮುನ್ನ ನೀವದನ್ನು ಓದಿದ್ದಿರಿ. ಅಷ್ಟು ಮೆಲ್ಲಗಿನ ದನಿ ಇಷ್ಟು ದೂರ ಬಂದಿದೆ.

ದ್ಯಾಮವ್ವಜ್ಜಿಗೆ ಅದನ್ನು ಕೇಳಿಸಿದೆ. ಅವಳು ಪರದೆಯ ಮೇಲಿನ ನಿಮ್ಮ ಮುಖಕ್ಕೆ ದೃಷ್ಟಿ ನಿವಾಳಿಸಿ ಬೆರಳ ಲಟಿಗೆ ಮುರಿದು, “ಇಕಿ ಯಾರ ಮಗಳವಾ? ಹೊಟ್ಟಿ ತಣ್ಣಗಿರಲಿ” ಅಂದಳು.

ಕಾಲ ದಾಟಿ ಈ ಕಾಗದ ನಿಮ್ಮನ್ನು ಮುಟ್ಟೀತೋ ಇಲ್ಲವೋ, ನಿಮ್ಮಲ್ಲೊಂದು ಬೇಡಿಕೆ. ಗುಂಡಿ ಒತ್ತಬೇಡಿರೆಂದು ನಾನು ಹೇಳಲಾರೆ. ನಿಮ್ಮ ಕೆಲಸ ಹೋದೀತು. ಆದರೆ ಕ್ಯಾಮೆರಾ ಇರುವಷ್ಟು ದಿನ, ಮಸುಕು ಗೆರೆ ಕಂಡಲ್ಲೆಲ್ಲ ಬಾಯಿಬಿಟ್ಟು ಓದಿ. ಅವರು ನಕ್ಕರೆ ನಗಲಿ. ಇನ್ನೂ ಎಷ್ಟೋ ಊರುಗಳು ಆ ಗಂಟುಗಳಲ್ಲಿವೆ.

ಮಂಡಳಿ ನಿಮ್ಮ ದನಿಯನ್ನು ಸಾಕ್ಷಿಯೆಂದು ಒಪ್ಪುತ್ತದೋ ಇಲ್ಲವೋ ಗೊತ್ತಿಲ್ಲ. ಇದಕ್ಕೂ ಸಹಿ ಇಲ್ಲ. ಈ ವಿಡಿಯೋ ಎಲ್ಲಿ ಸಿಕ್ಕಿತು, ಇದೇನು ಎಂದು ತುಂಬಿದ ಸಭೆಯಲ್ಲಿ ಯಾರಾದರೂ ಎದ್ದು ಹೇಳಬೇಕು. ಕಂಡುಹಿಡಿದವಳು ನಾನೇ. ಅಂಬಲಿಯ ಹೊತ್ತಿನಲ್ಲೂ ಮೂಲೆ ಹಿಡಿಯುವವಳು. ಆದರೂ ಹೇಳುತ್ತೇನೆ, ಅಕ್ಕಾ. ನೀವು ಓದಿದಷ್ಟೇ ಮೆಲ್ಲಗೆ.

ನಿಮ್ಮ ಇಂಚರಾ